ಮೌನಿಯ ಪಾಳಿ

ಲಿಫ್ಟಿನವನಿಗೂ ಜ್ವರ ಬಂತು ಎಂಬ ಸುದ್ದಿ ತಲುಪಿದಾಗ ದೊಡ್ಡಕ್ಕ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಅರ್ಧ ಕಚ್ಚಿದ ಬ್ರೆಡ್ಡು ಹಿಡಿದು ಪಾಳಿ ಹಲಗೆಯ ಮುಂದೆ ನಿಂತಿದ್ದಳು. ಫೋನಿನ ಆ ತುದಿಯಲ್ಲಿ ಲಾಂಡ್ರಿಯವನು, ಬಟ್ಟೆ ಒಣಗಿಸುವ ಯಂತ್ರ ಕೈಕೊಟ್ಟಿತೆಂದು ಗೋಳಾಡುತ್ತಿದ್ದ. ಸುದ್ದಿ ತಂದ ಆಯಾ ಬಾಗಿಲಲ್ಲೇ ನಿಂತು ಉತ್ತರಕ್ಕೆ ಕಾಯುತ್ತಿದ್ದಳು.

"ಟೆರೇಸಿನ ಮೇಲೆ ಹರವಿ. ಬಿಸಿಲಿಗೇನೂ ಜ್ವರ ಬಂದಿಲ್ವಲ್ಲ," ಎಂದು ಫೋನಿಟ್ಟು ದೊಡ್ಡಕ್ಕ ಆಯಾಳ ಕಡೆ ತಿರುಗಿದಳು. "ಕ್ಯಾಂಟೀನು ಮುಚ್ಚಿದೆ. ಅಲ್ಲಿ ಗಲ್ಲಾದ ಹಿಂದೆ ಕೂರ್ತಿದ್ನಲ್ಲ, ಅವನನ್ನ ಕರ್ಕೊಂಡು ಬಂದು ಲಿಫ್ಟಲ್ಲಿ ಕೂರಿಸು. ಕೂರೋ ಕೆಲಸ ಅವನಿಗೆ ಚೆನ್ನಾಗಿ ಬರುತ್ತೆ."

ಮೇಟ್ರನ್ ಎಂಬುದು ಅವಳ ಹುದ್ದೆ, ದೊಡ್ಡಕ್ಕ ಎಂಬುದು ಆಸ್ಪತ್ರೆ ಇಟ್ಟ ಹೆಸರು. ಮೊದಲು ನರ್ಸುಗಳಿಗೆ ಪಾಳಿ ಹಾಕುವುದಷ್ಟೇ ಅವಳ ಕೆಲಸವಾಗಿತ್ತು. ಊರಿಗೆಲ್ಲ ಜ್ವರ ಹರಡಿ, ಆಡಳಿತಾಧಿಕಾರಿಯೂ ಹಾಸಿಗೆ ಹಿಡಿದ ಮೇಲೆ ಅಡುಗೆಮನೆ, ಲಾಂಡ್ರಿ, ಆಮ್ಲಜನಕದ ಸಿಲಿಂಡರು, ಶವಾಗಾರದ ಬೀಗದ ಕೈ ಎಲ್ಲವೂ ಒಂದೊಂದಾಗಿ ಅವಳ ಮೇಜಿಗೆ ಬಂದು ಬಿದ್ದವು. ಬೇಡ ಎನ್ನುವ ಮಾತು ಅವಳ ಬಾಯಿಗೆ ರೂಢಿಯಿರಲಿಲ್ಲ. ಅದಕ್ಕೇ ಬೇರೆಯವರು ಬೇಡ ಎಂದರೆ ಅವಳಿಗೆ ಕೋಪ ನೆತ್ತಿಗೇರುತ್ತಿತ್ತು. ಕೋಪ ಬಂದಷ್ಟೇ ಬೇಗ ಇಳಿದು, ಬೈಸಿಕೊಂಡವರ ಮೇಜಿನ ಮೇಲೆ ಒಂದು ಲೋಟ ಚಹಾ ಬಂದು ಕೂರುತ್ತಿತ್ತು ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಹಲಗೆಯ ಮೇಲೆ ಜ್ವರದ ವಾರ್ಡಿನ ಮಧ್ಯಾಹ್ನದ ಪಾಳಿಯ ಸಾಲು ಅವಳನ್ನೇ ದಿಟ್ಟಿಸುತ್ತಿತ್ತು. ಉದ್ದಜಡೆಯವಳ ಅತ್ತೆಗೆ ಹುಷಾರಿಲ್ಲ. ಜಗಳಗಂಟಿಗೆ ಇನ್ನೂ ಕೆಮ್ಮು ಬಿಟ್ಟಿಲ್ಲ. ಹೊಸದಾಗಿ ಬಂದ ಇಬ್ಬರು ಹುಡುಗಿಯರು ಒಳಗೆ ಹೋದರೆ ರೋಗಿಗಳಿಗಿಂತ ಹೆಚ್ಚು ಅವರನ್ನೇ ನೋಡಿಕೊಳ್ಳಬೇಕು. ಹೆಸರುಗಳನ್ನು ಅಳಿಸಿ ಬರೆದು, ಬರೆದು ಅಳಿಸಿ ಹಲಗೆಯೇ ಮಸುಕಾಗಿತ್ತು. ಮಕ್ಕಳ ವಾರ್ಡಿನ ಸಾಲಿನಲ್ಲಿ ಮಾತ್ರ ಒಂದು ಹೆಸರು ಮೊದಲ ದಿನ ಬರೆದ ಹಾಗೇ ಅಚ್ಚಳಿಯದೆ ಕೂತಿತ್ತು. ಪುಟ್ಟಿ.

ಪುಟ್ಟಿ ದೊಡ್ಡಕ್ಕನ ಒಡಹುಟ್ಟಿದ ತಂಗಿ. ತಾಯಿ ತೀರಿಕೊಂಡಾಗ ಇನ್ನೂ ಹಲ್ಲು ಬೀಳುವ ವಯಸ್ಸಿನಲ್ಲಿದ್ದವಳನ್ನು ಅಕ್ಕನೇ ಸಾಕಿ, ಓದಿಸಿ, ತನ್ನ ಕೈಕೆಳಗೇ ನರ್ಸು ಮಾಡಿದ್ದಳು. ಅವಳಿಗೂ ಬೇರೆ ಯಾರೂ ಇರಲಿಲ್ಲ, ಇವಳಿಗೂ ಬೇರೆ ಯಾರೂ ಇರಲಿಲ್ಲ. ಪುಟ್ಟಿ ಇಲ್ಲದಿದ್ದರೆ ಮಕ್ಕಳ ವಾರ್ಡು ನಡೆಯುವುದಿಲ್ಲ ಎಂದು ದೊಡ್ಡಕ್ಕ ಹಿರಿಯ ಡಾಕ್ಟರಿಗೆ ಹೇಳಿದ್ದಳು, ನರ್ಸುಗಳಿಗೆ ಹೇಳಿದ್ದಳು, ಕನ್ನಡಿ ನೋಡಿಕೊಂಡು ತನಗೂ ಹೇಳಿಕೊಂಡಿದ್ದಳು. ಮಕ್ಕಳ ವಾರ್ಡಿನಲ್ಲಿ ಈಗ ಇದ್ದದ್ದು ಬೆರಳೆಣಿಕೆಯ ಮಕ್ಕಳು. ಅವರನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದಿತ್ತು. ಈ ಮಾತನ್ನು ಅವಳ ಮುಖದೆದುರು ಯಾರೂ ಆಡಿರಲಿಲ್ಲ. ಆಡದೇ ಇದ್ದುದು ಒಮ್ಮೊಮ್ಮೆ ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ಅವಳಿಗೆ ಚುಚ್ಚುತ್ತಿತ್ತು. ಆದರೂ ಆ ಸಾಲಿನ ಹತ್ತಿರ ಅವಳ ಕೈ ಹೋಗುತ್ತಿರಲಿಲ್ಲ.

ಅಷ್ಟೇ ಅಲ್ಲ, ತಾನು ದಿನವಿಡೀ ಜ್ವರದ ವಾರ್ಡಿನ ಓಣಿಯಲ್ಲಿ ಓಡಾಡುವವಳು ಎಂದು ತಂಗಿಯ ನೆರಳೂ ಸೋಕದಂತೆ ದೂರವಿದ್ದಳು. ದೊಡ್ಡಕ್ಕ ಮಲಗುವುದು ಆಫೀಸಿನ ಹಿಂದಿನ ಕೋಣೆಯಲ್ಲಿ. ಪುಟ್ಟಿಯ ಹಾಸಿಗೆ ಮಕ್ಕಳ ವಾರ್ಡಿನ ಪಕ್ಕದ ಕೋಣೆಯಲ್ಲಿ. ಒಂದೇ ಕಟ್ಟಡದಲ್ಲಿದ್ದೂ ಬೆಳಿಗ್ಗೆ ಫೋನಿನಲ್ಲಷ್ಟೇ ಮಾತು.

ಹೆಸರು ಬರೆಯುವ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಆ ಫೋನು ಬಂತು.

"ಅಕ್ಕ, ತಿಂದ್ಯಾ? ಬ್ರೆಡ್ಡು ಬಾಯಲ್ಲಿದೆ ಅಲ್ವಾ, ಕೇಳಿಸ್ತಾ ಇದೆ. ಇಲ್ಲಿ ನೋಡು, ಆ ಗುಂಡು ಹುಡುಗ ಇವತ್ತು ಥರ್ಮಾಮೀಟರ್ ಬಚ್ಚಿಟ್ಟಿದಾನೆ. ಎಲ್ಲಿ ಅಂದ್ರೆ ಹೇಳಲ್ಲ. ನಂಗೆ ಜ್ವರ ಇಲ್ಲ ಅಂತ ಬರ್ಕೊಡಿ, ಆಮೇಲೆ ಕೊಡ್ತೀನಿ ಅಂತಾನೆ."

"ನಿನ್ನ ಗಂಟಲ್ಯಾಕೆ ಹೀಗಾಗಿದೆ?"

"ಮಕ್ಕಳ ಜೊತೆ ಕೂಗಿ ಕೂಗಿ. ಇನ್ನೇನು ಮಾಡ್ಲಿ, ನೀನು ನನ್ನನ್ನ ಇಲ್ಲೇ ಕೂಡಿಹಾಕಿದ್ಯಲ್ಲ."

"ಬಿಸಿನೀರು ಕುಡಿ. ಮಾತು ಕಡಿಮೆ ಮಾಡು. ಮೌನೀನ ನೋಡಿ ಕಲಿ ಸ್ವಲ್ಪ. ಬಾಯಿ ಬಿಡದೆ ಎಷ್ಟು ಕೆಲ್ಸ ಮಾಡ್ತಾಳೆ ಗೊತ್ತಾ ಆ ಹುಡುಗಿ?"

ಆ ಕಡೆ ಕೆಮ್ಮಿದಂತೆಯೋ ನಕ್ಕಂತೆಯೋ ಒಂದು ಸದ್ದಾಯಿತು. "ಕಲೀತೀನಿ ಅಕ್ಕ," ಎಂದು ಪುಟ್ಟಿ ಫೋನಿಟ್ಟಳು.

ಮೌನಿಯ ಬಗ್ಗೆ ದೊಡ್ಡಕ್ಕನಿಗೆ ಇತ್ತೀಚೆಗೆ ಹುಟ್ಟಿದ ಮೆಚ್ಚುಗೆ ಸಣ್ಣದಲ್ಲ. ಆ ಹುಡುಗಿ ಕಳೆದ ವರ್ಷ ಕೆಲಸಕ್ಕೆ ಸೇರಿದವಳು. ಕೇಳಿದ್ದಕ್ಕೆ ಹೂಂ, ಉಹೂಂ ಬಿಟ್ಟರೆ ಮೂರನೆಯ ಮಾತಿಲ್ಲ. ಜ್ವರದ ವಾರ್ಡಿಗೆ ಹಾಕಿದ ಹೊಸದರಲ್ಲಿ ಒಮ್ಮೆ ಆಫೀಸಿನ ಬಾಗಿಲಿಗೆ ಬಂದು ನಿಂತಿದ್ದಳು. ಆ ಹೊತ್ತಿಗೆ ಸಿಲಿಂಡರಿನ ಲಾರಿ ಬಾರದೆ ದೊಡ್ಡಕ್ಕನ ತಲೆ ಕೆಟ್ಟುಹೋಗಿತ್ತು. "ರಜಾ ಕೇಳೋಕೆ ಬಂದಿದ್ರೆ ಬಾಯಿ ತೆಗೀಲೇಬೇಡ," ಎಂದು ಮುಖ ಎತ್ತದೆ ಗದರಿದ್ದಳು. ಹುಡುಗಿ ಬಾಯಿ ತೆಗೆಯದೆಯೇ ಹೋಗಿದ್ದಳು. ಮರುದಿನದಿಂದ ಶುರುವಾಯಿತು ನೋಡಿ, ಅವಳ ಕೆಲಸ. ಒಳಗೆ ಹೋಗುವವರೆಲ್ಲ ಅಡಿಯಿಂದ ಮುಡಿಯವರೆಗೆ ಬಿಳಿ ಗೌನು ತೊಟ್ಟು, ಕನ್ನಡಕ ಕಟ್ಟಿ, ಒಂದೇ ಅಚ್ಚಿನ ಗೊಂಬೆಗಳಂತೆ ಕಾಣುತ್ತಿದ್ದರು. ಯಾರು ಯಾರೆಂದು ತಿಳಿಯಲಿ ಎಂದು ಆಪರೇಷನ್ ಥಿಯೇಟರಿನಿಂದ ಉಡುಪಿನ ಕೋಣೆಗೆ ಬಂದಿದ್ದ ಥಿಯೇಟರ್ ಅಣ್ಣ ಒಬ್ಬೊಬ್ಬರ ಬೆನ್ನ ಮೇಲೂ ದಪ್ಪ ಅಕ್ಷರದಲ್ಲಿ ಅಡ್ಡಹೆಸರು ಬರೆದು ಕಳಿಸುತ್ತಿದ್ದ. ದೊಡ್ಡಕ್ಕ ಓಣಿಯ ಗಾಜಿನಾಚೆ ನಿಂತು ನೋಡುವಾಗೆಲ್ಲ 'ಮೌನಿ' ಎಂಬ ಬೆನ್ನು ಯಾವುದೋ ಮಂಚದ ಮೇಲೆ ಬಾಗಿಕೊಂಡಿರುತ್ತಿತ್ತು. ಒಬ್ಬರನ್ನು ಮಗ್ಗುಲಿಗೆ ಹೊರಳಿಸುತ್ತಿತ್ತು, ಇನ್ನೊಬ್ಬರ ಬೆನ್ನು ತಟ್ಟುತ್ತಿತ್ತು. ದೊಡ್ಡಕ್ಕ ಗಾಜಿಗೆ ಬೆರಳು ಬಡಿದರೆ ತಿರುಗಿ, ಹೆಬ್ಬೆರಳೆತ್ತಿ ತೋರಿಸಿ ಮತ್ತೆ ಕೆಲಸಕ್ಕೆ ಬೀಳುತ್ತಿತ್ತು. ಗದರಿದ್ದು ಒಳ್ಳೆಯದೇ ಆಯಿತು ಎಂದು ದೊಡ್ಡಕ್ಕ ಅಂದುಕೊಂಡಿದ್ದಳು.

ಊಟದ ಹೊತ್ತಿಗೆ ಪಕ್ಕದ ಗೇಟಿನಿಂದ ಕರೆ ಬಂತು. ಗುಣವಾದವರನ್ನು ಮನೆಗೆ ಕಳಿಸುವುದು ಆ ಗೇಟಿನಿಂದಲೇ. ಎಷ್ಟೇ ಕೆಲಸವಿರಲಿ, ಅಲ್ಲಿಗೆ ಹೋಗಿ ಕೈಬೀಸಿ ಬರುವುದನ್ನು ದೊಡ್ಡಕ್ಕ ತಪ್ಪಿಸುತ್ತಿರಲಿಲ್ಲ. ಹೋಗುವವರಿಗಿಂತ ಅದು ಅವಳಿಗೇ ಬೇಕಾಗಿತ್ತು. ಈ ದಿನ ಗಾಲಿಕುರ್ಚಿಯಲ್ಲಿ ಕೂತಿದ್ದವರು ಮುದುಕ ದರ್ಜಿ. ಬದುಕುತ್ತಾರೆಂಬ ಆಸೆಯನ್ನು ಡಾಕ್ಟರುಗಳು ಒಮ್ಮೆ ಬಿಟ್ಟೇಬಿಟ್ಟಿದ್ದ ಮನುಷ್ಯ. ಮಗಳು ಗಾಡಿ ತರಲು ಹೋಗಿದ್ದಳು.

"ಹೇಗಿದೀರಿ ತಾತ?"

"ಹೊಲಿಗೆ ಬಿಟ್ಟಿತ್ತು, ಮತ್ತೆ ಹಾಕಿ ಕಳಿಸ್ತಾ ಇದೀರಿ," ಎಂದು ದರ್ಜಿ ನಕ್ಕರು. ಉಸಿರು ಇನ್ನೂ ಕಟ್ಟಿಕಟ್ಟಿ ಬರುತ್ತಿತ್ತು. "ನಿಮ್ಮ ಆ ಹುಡುಗಿಗೆ ಹೇಳಿ ಅಮ್ಮ, ಒಂದು ಒಳ್ಳೆ ಅಂಗಿ ಹೊಲ್ಕೊಡ್ತೀನಿ ಅಂತ. ಅಳತೆ ಬೇಕಿಲ್ಲ. ಬೆನ್ನು ನೋಡಿ ನೋಡಿ ನಂಗೆ ಬಾಯಿಪಾಠ ಆಗಿದೆ."

"ಯಾವ ಹುಡುಗಿ?"

"ಅದೇ, ಬೆನ್ನ ಮೇಲೆ ಮೌನಿ ಅಂತ ಬರ್ದಿರುತ್ತಲ್ಲ. ಆ ಹೆಸರು ಇಟ್ಟವರು ದೊಡ್ಡ ತಮಾಷೆಗಾರರು ಇರಬೇಕು. ಅವಳ ಬಾಯಿ ಸುಮ್ಮನಿದ್ದಿದ್ದೇ ನಾನು ನೋಡ್ಲಿಲ್ಲ."

ದೊಡ್ಡಕ್ಕ ನಕ್ಕಳು. "ನಿಮಗೆ ಗೊಂದಲ ಆಗಿದೆ ತಾತ. ಆ ಹುಡುಗಿ ಮಾತೇ ಆಡಲ್ಲ."

"ಮಾತಾಡಲ್ವಾ? ನಾನು ಬದುಕಿದ್ದೇ ಆ ಮಾತಿಂದ. ಮೂತಿಗೆ ಹಾಕಿದ್ರಲ್ಲ ಆ ಗಾಳಿ ಮಾಸ್ಕು, ಅದನ್ನ ಕಿತ್ತೆಸೀಬೇಕು ಅನಿಸ್ತಿತ್ತು ನಂಗೆ. ಕೈ ಹಾಕ್ದೆ ಅನ್ನೋಷ್ಟರಲ್ಲಿ ಬಂದು ಕೂತು ಕಥೆ ಶುರು ಮಾಡೋಳು. ಮುಗಿಯೋವರೆಗೂ ಮಾಸ್ಕು ಮುಟ್ಟಬಾರದು ಅಂತ ಕರಾರು. ಬರೀ ಅವಳ ಅಕ್ಕನ ಕಥೆಗಳು. ಅಕ್ಕ ನರ್ಸಿಂಗ್ ಓದ್ತಿದ್ಳಂತೆ. ಪರೀಕ್ಷೆಗೆ ಅಭ್ಯಾಸ ಆಗ್ಲಿ ಅಂತ ಇವಳನ್ನ ನಿಲ್ಲಿಸಿ ತಲೆಯಿಂದ ಕಾಲಿನವರೆಗೂ ಬ್ಯಾಂಡೇಜು ಸುತ್ತಿದ್ಳಂತೆ. ಸುತ್ತಿ, ನೀರು ತರೋಕೆ ಹೋದವಳು ಯಾರ ಜೊತೆಗೋ ಮಾತಾಡ್ತಾ ಮರ್ತೇಬಿಟ್ಳಂತೆ. ಇವಳು ಬಾಗಿಲ ಹಿಂದೆ ಹಾಗೇ ಕಂಬದ ಥರ ನಿಂತಿದ್ಳು. ಅಮ್ಮ ಬಂದು ನೋಡಿ ಕಿರುಚಿ…" ದರ್ಜಿ ನಗಲು ಹೋಗಿ ಕೆಮ್ಮಿದರು. "ಅಕ್ಕ ಬಂದು ಬಿಚ್ಚುವಾಗ ಇವಳಿಗಿಂತ ಜಾಸ್ತಿ ಅಕ್ಕನೇ ಅತ್ತಳಂತೆ. ಈಗ್ಲೂ ಹಾಗೇ ಇದಾಳಂತೆ."

ದೊಡ್ಡಕ್ಕ ಗಾಲಿಕುರ್ಚಿಯ ಹಿಡಿಯನ್ನು ಹಿಡಿದುಕೊಂಡಳು. ಅಮ್ಮ ಹೋದ ಮೇಲೆ ಈ ಕಥೆ ಗೊತ್ತಿರುವವರು ಲೋಕದಲ್ಲಿ ಇಬ್ಬರೇ. ಅವರಲ್ಲಿ ಒಬ್ಬಳು ಇಲ್ಲಿ ಗೇಟಿನಲ್ಲಿ ನಿಂತಿದ್ದಳು.

ದರ್ಜಿಯ ಮಗಳು ಗಾಡಿ ತಂದಳು. ದೊಡ್ಡಕ್ಕ ಕೈ ಬೀಸಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಮೆಟ್ಟಿಲು ಹತ್ತಿ ಮಕ್ಕಳ ವಾರ್ಡಿನ ಬಾಗಿಲು ದೂಡಿದಾಗ, ಕಿಟಕಿಯ ಬಳಿ ಗುಂಡು ಹುಡುಗನೊಬ್ಬನಿಗೆ ಗಂಜಿ ಕುಡಿಸುತ್ತಿದ್ದ ನರ್ಸು ಚಮಚವನ್ನು ಬಟ್ಟಲಿಗೆ ಹಾಕಿ ಎದ್ದು ನಿಂತಳು. ಅದು ಮೌನಿ. ಎದ್ದವಳ ಒಂದು ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು. ಮೇಟ್ರನ್ ಆಗುವ ಮೊದಲು ಎಷ್ಟೋ ವರ್ಷ ಹೆರಿಗೆ ವಾರ್ಡಿನಲ್ಲಿ ಕಳೆದ ದೊಡ್ಡಕ್ಕನಿಗೆ ಅದಕ್ಕಿಂತ ಹೆಚ್ಚು ಏನೂ ಬೇಕಿರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?" ದನಿ ಅವಳಿಗೇ ಗುರುತು ಸಿಗದಷ್ಟು ಮೆಲ್ಲಗಿತ್ತು.

"ಹೇಳೋಕೆ ಬಂದಿದ್ದೆ ದೊಡ್ಡಕ್ಕ."

ದೊಡ್ಡಕ್ಕನಿಗೆ ಆ ದಿನದ ಬಾಗಿಲು ಕಣ್ಣಿಗೆ ಕಟ್ಟಿತು. ಬಾಗಿಲಲ್ಲಿ ನಿಂತವಳ ಮುಖ ಮಾತ್ರ ಕಾಣಲಿಲ್ಲ, ಯಾಕೆಂದರೆ ಅವಳು ಅಂದು ಮುಖ ಎತ್ತಿಯೇ ನೋಡಿರಲಿಲ್ಲ.

"ಹಿಂದಿನ ಸಲ ಬಸಿರು ನಿಲ್ಲಲಿಲ್ಲ," ಎಂದಳು ಮೌನಿ. ಬಹುಶಃ ಆಸ್ಪತ್ರೆಗೆ ಸೇರಿದಾಗಿನಿಂದ ಅವಳು ಆಡಿದ ಅತಿ ಉದ್ದದ ಮಾತು ಈಗ ಹೊರಬಂತು. "ಮೆಟ್ಟಿಲ ಮೇಲೆ ಕೂತು ಅಳ್ತಾ ಇದ್ದೆ. ಪುಟ್ಟಿ ಅಕ್ಕ ನೋಡಿದ್ರು. ನೀನು ನನ್ನ ಮಕ್ಕಳನ್ನ ನೋಡ್ಕೋ, ನಾನು ನಿನ್ನ ಗೌನು ಹಾಕ್ಕೋತೀನಿ ಅಂದ್ರು. ನಾನು ಬೇಡ ಅಂದೆ ದೊಡ್ಡಕ್ಕ. ಅವರು ಕೇಳ್ಬೇಕಲ್ಲ."

"ಕೂತ್ಕೋ," ಎಂದಳು ದೊಡ್ಡಕ್ಕ. "ಗಂಜಿ ಆರುತ್ತೆ." ಮೌನಿಯ ಭುಜದ ಮೇಲೆ ಕೈಯಿಡಲು ಹೋಗಿ, ತನ್ನ ಕೈ ಓಣಿಯೆಲ್ಲ ಮುಟ್ಟಿ ಬಂದದ್ದೆಂದು ನೆನಪಾಗಿ ಹಿಂದಕ್ಕೆಳೆದುಕೊಂಡಳು.

ಮೆಟ್ಟಿಲಿಳಿಯುವಾಗ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು, ಕಾಲಿಗೆ ಬಲ ಬಂತು. ಎಲ್ಲರೂ ಸೇರಿ ತನ್ನನ್ನು ಕುರಿ ಮಾಡಿದ್ದಾರೆ. ಒಳಗೆ ಪುಟ್ಟಿಗೇನಾದರೂ ಆಗಿದ್ದರೆ, ತಾನು ಗಾಜಿನಾಚೆ ನಿಂತು ಮೌನಿ ಬಿದ್ದಳು ಅಂದುಕೊಂಡು ಮೌನಿಯ ಗಂಡನಿಗೆ ಫೋನು ಮಾಡುತ್ತಿದ್ದಳು. ತನ್ನ ತಂಗಿಗೆ ಫೋನಿನಲ್ಲಿ ಬಿಸಿನೀರು ಕುಡಿ ಎನ್ನುತ್ತಿದ್ದಳು. ಹಾಗೆ ಯೋಚನೆ ಬಂದದ್ದೇ ಅವಳು ಉಳಿದ ಮೆಟ್ಟಿಲುಗಳನ್ನು ದಡದಡನೆ ಇಳಿದಳು. ಲಿಫ್ಟಿನಲ್ಲಿ ಕೂತಿದ್ದ ಕ್ಯಾಂಟೀನಿನವನು, "ಮೇಲಾ, ಕೆಳಗಾ?" ಎಂದು ಹೊಸ ಅಧಿಕಾರದ ಗತ್ತಿನಲ್ಲಿ ಕೇಳಿದ. ಅವಳು ಅವನನ್ನು ದಾಟಿ ನಡೆದಳು. ಪುಟ್ಟಿಯನ್ನು ಇವತ್ತೇ, ಈಗಲೇ, ಕಿವಿ ಹಿಡಿದು ಹೊರಗೆಳೆಯಬೇಕು. ಅದೊಂದೇ ಅವಳ ತಲೆಯಲ್ಲಿದ್ದದ್ದು.

ಉಡುಪಿನ ಕೋಣೆಯಲ್ಲಿ ಮಧ್ಯಾಹ್ನದ ಪಾಳಿಯವರು ಸಾಲಾಗಿ ನಿಂತಿದ್ದರು. ಗೌನು ತೊಟ್ಟಾಗಿತ್ತು, ಮಾಸ್ಕು, ಕನ್ನಡಕಗಳು ಇನ್ನೂ ಕೈಯಲ್ಲಿದ್ದವು. ಪುಟ್ಟಿ ಯಾವುದೋ ಕಥೆ ಹೇಳುತ್ತಿದ್ದಳು, ಉದ್ದಜಡೆಯವಳು ನಗುತ್ತಿದ್ದಳು. ದೊಡ್ಡಕ್ಕ ಬಾಗಿಲಲ್ಲಿ ಕಂಡದ್ದೇ ನಗು ನಿಂತಿತು. ಬಹಳ ದಿನಗಳ ಮೇಲೆ ತಂಗಿಯ ಮುಖ ನೋಡುತ್ತಿದ್ದಳು ದೊಡ್ಡಕ್ಕ. ಕೆನ್ನೆ ಒಳಕ್ಕೆ ಹೋಗಿತ್ತು. ಮೂಗಿನ ಮೇಲೆ, ಕಿವಿಯ ಕೆಳಗೆ ಮಾಸ್ಕು ಒತ್ತಿದ ಕಂದುಗೀರುಗಳು.

"ಬೈಯೋದಿದ್ರೆ ನಂಗೆ ಬೈಯಿರಿ ದೊಡ್ಡಕ್ಕ," ಎಂದು ಥಿಯೇಟರ್ ಅಣ್ಣ ಮಾರ್ಕರ್ ಪೆನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅವನಿಗೆ ಮೊಮ್ಮಕ್ಕಳಿದ್ದರು. "ಹೆಸರು ಬರ್ದಿದ್ದು ನಾನು."

"ನಿಮ್ಮ ಸರದಿ ಬರುತ್ತೆ, ಇರಿ. ಪುಟ್ಟಿ, ಆ ಗೌನು ಬಿಚ್ಚು."

ಪುಟ್ಟಿ ಬಿಚ್ಚಲಿಲ್ಲ. "ಬಿಚ್ತೀನಿ. ನನ್ನ ಬದ್ಲು ಯಾರು ಹೋಗ್ಬೇಕು ಹೇಳು, ನಾನೇ ಹೋಗಿ ಕರ್ಕೊಂಡು ಬರ್ತೀನಿ."

ದೊಡ್ಡಕ್ಕ ಬಾಯಿ ತೆರೆದಳು. ಬೆಳಿಗ್ಗೆಯಿಂದ ಹಲಗೆಯ ಮುಂದೆ ನಿಂತು ಉಜ್ಜಿದ್ದ ಹೆಸರುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಅತ್ತೆಗೆ ಹುಷಾರಿಲ್ಲದೆಯೂ ಬಂದು ನಿಂತ ಉದ್ದಜಡೆಯವಳು ಎದುರಿಗೇ ಇದ್ದಳು. ಸಾಲಿನ ತುದಿಯಲ್ಲಿದ್ದ ಆ ಇಬ್ಬರು ಹೊಸ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದರು. ಅವಳ ಬಾಯಿಂದ ಒಂದು ಹೆಸರೂ ಬರಲಿಲ್ಲ.

"ನಿಂಗೇನಾದ್ರೂ ಆದ್ರೆ ನಾನೇನು ಮಾಡ್ಲಿ?" ಎಂದಳು. ಮೇಟ್ರನ್ ಹೇಳುವ ಮಾತಲ್ಲ ಅದು. ಎಲ್ಲರ ಮುಂದೆ ಹೇಳುವ ಮಾತೂ ಅಲ್ಲ.

"ಇವರಿಗೆಲ್ಲ ಗೊತ್ತಿತ್ತು ಅಕ್ಕ, ನೀನು ನನ್ನನ್ನ ಯಾಕೆ ಅಲ್ಲಿಟ್ಟಿದೀಯ ಅಂತ," ಪುಟ್ಟಿಯ ದನಿಯೂ ತಗ್ಗಿತು. "ಒಬ್ಬರೂ ಒಂದು ಮಾತು ಆಡ್ಲಿಲ್ಲ. ನಿನ್ನ ಮೇಲಿನ ಪ್ರೀತಿಗೆ ಸುಮ್ಮನಿದ್ರು. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಮೊದಲು ಬಡಿಸೋರು. ಅದನ್ನೇ ನಂಗೆ ತಡ್ಕೊಳೋಕಾಗ್ಲಿಲ್ಲ. ಬೈದಿದ್ರೆ ತಡ್ಕೋತಿದ್ದೆ."

ಉದ್ದಜಡೆಯವಳು ಕನ್ನಡಕವನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು. ದೊಡ್ಡಕ್ಕನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಇವರೆಲ್ಲರ ಮೇಲೆ ಎಂಥದೋ ಅಕ್ಕರೆ ಉಕ್ಕಿ ಬಂದು ಕಣ್ಣು ಮಂಜಾಯಿತು. ಮೂಗೊರೆಸಿಕೊಳ್ಳಲು ಮಾಸ್ಕು ಅಡ್ಡ ಬಂತು.

"ಮೌನಿ ಇವತ್ತಿಂದ ಮಕ್ಕಳ ವಾರ್ಡು," ಎಂದಳು, ಆಫೀಸಿನ ದನಿಯನ್ನು ಹೇಗೋ ಹುಡುಕಿ ತಂದು. "ಹೆರಿಗೆ ಆಗೋವರೆಗೂ ಅಲ್ಲೇ. ಯಾರಾದ್ರೂ ಅವಳ ಕೈಲಿ ಭಾರ ಎತ್ತಿಸಿದ್ದು ನನ್ನ ಕಣ್ಣಿಗೆ ಬಿದ್ರೆ ನೋಡಿ. ಇನ್ನೊಂದು ಮಾತು. ನನ್ನ ಬಾಗಿಲಿಗೆ ಬಂದವರು ನಾನು ಗದರಿದೆ ಅಂತ ವಾಪಸ್ ಹೋಗೋ ಹಾಗಿಲ್ಲ. ಒಳಗೆ ಬಂದು ಕುರ್ಚಿ ಎಳ್ಕೊಂಡು ಕೂತ್ಕೋಬೇಕು."

"ಅಷ್ಟು ಧೈರ್ಯ ಇದ್ರೆ ನಾವು ಮಿಲಿಟರಿಗೆ ಸೇರ್ತಿದ್ವಿ ದೊಡ್ಡಕ್ಕ," ಎಂದಳು ಉದ್ದಜಡೆಯವಳು. ಕೋಣೆಗೆ ನಗು ವಾಪಸು ಬಂತು.

ಥಿಯೇಟರ್ ಅಣ್ಣ ಮೆಲ್ಲಗೆ ಪೆನ್ನು ಹೊರತೆಗೆದ. "ಹಾಗಾದ್ರೆ ಈ ಹೆಸರು?"

"ಅದಕ್ಕೊಂದು ಗೀಟು ಎಳ್ದು ಕೆಳಗೆ ಸರಿಯಾಗಿ ಬರೀರಿ. ಹೊಸ ಗೌನು ಎಲ್ಲಿಂದ ತರ್ತೀರಿ?"

ಅವನು ಬರೆದು ಮುಗಿಸಿದ. ಎಲ್ಲರೂ ಮಾಸ್ಕು ಕಟ್ಟಿಕೊಂಡರು, ಕನ್ನಡಕ ಏರಿಸಿದರು. ಒಳಗೆ ಹೋಗುವ ಮುನ್ನ ಕೊನೆಯ ಕೆಲಸವೊಂದಿತ್ತು. ಮಾಸ್ಕಿನ ಅಂಚಿನ ಸುತ್ತ ಎರಡೂ ಅಂಗೈ ಇಟ್ಟು, ಊದಲು ಹೇಳಿ, ಎಲ್ಲಾದರೂ ಗಾಳಿ ಸೋರುತ್ತದೆಯೇ ಎಂದು ನೋಡುವುದು. ಥಿಯೇಟರ್ ಅಣ್ಣ ಉದ್ದಜಡೆಯವಳನ್ನು ನೋಡಿ ಒಳಗೆ ಬಿಟ್ಟ. ಪುಟ್ಟಿಯ ಸರದಿ ಬಂದಾಗ ದೊಡ್ಡಕ್ಕ ಮುಂದೆ ಬಂದಳು.

"ಇವಳನ್ನ ನಾನು ನೋಡ್ತೀನಿ ಅಣ್ಣ."

ಕೈಗೆ ಹೊಸ ಗ್ಲೌಸು ಹಾಕಿಕೊಂಡು ತಂಗಿಯ ಮುಖವನ್ನು ಎರಡೂ ಅಂಗೈಗಳ ನಡುವೆ ಹಿಡಿದಳು. ಗ್ಲೌಸಿನ ಒಳಗಿನಿಂದಲೂ ಆ ಮುಖ ಬೆಚ್ಚಗಿರುವುದು ತಿಳಿಯುತ್ತಿತ್ತು.

"ಊದು."

ಪುಟ್ಟಿ ಊದಿದಳು. ಎಲ್ಲಿಂದಲೂ ಸೋರಲಿಲ್ಲ.

"ಇನ್ನೊಂದು ಸಲ."

"ಅಕ್ಕ, ನಾನೇನು ಬಲೂನಾ?" ಮಾಸ್ಕಿನೊಳಗಿಂದ ಗೊಗ್ಗರು ದನಿ ಬಂತು. ಆದರೂ ಊದಿದಳು.

ದೊಡ್ಡಕ್ಕ ಹೆಬ್ಬೆರಳನ್ನು ಮೂಗಿನ ಪಕ್ಕಕ್ಕೆ ಸರಿಸಿದಳು, ಅಲ್ಲೂ ಸೋರಲಿಲ್ಲ. ಗಲ್ಲದ ಕೆಳಗೆ ನೋಡಿದಳು, ಅಲ್ಲೂ ಇಲ್ಲ. "ಇನ್ನೊಂದು ಸಲ ಊದು," ಎಂದಳು. ಹಿಂದೆ ಸಾಲಿನಲ್ಲಿ ನಿಂತಿದ್ದವರು ಯಾರೂ ಅವಸರ ಮಾಡಲಿಲ್ಲ. ಆಫೀಸಿನಲ್ಲಿ ಫೋನು ಬಡಿದುಕೊಳ್ಳುವುದು ಓಣಿಯುದ್ದಕ್ಕೂ ಕೇಳುತ್ತಿತ್ತು. ಪುಟ್ಟಿ ಈ ಸಲ ಮಾತಾಡದೆ, ಅಕ್ಕನ ಅಂಗೈಗಳ ನಡುವೆ ಮುಖವಿಟ್ಟುಕೊಂಡು, ಉದ್ದಕ್ಕೆ ಉಸಿರು ಎಳೆದುಕೊಂಡು ಊದಿದಳು.